ಫೋಲ್ಡಿಂಗ್ ಸೈಕಲ್ ಏರಿನಲ್ಲಿ ಕಿರಗುಟ್ಟುತ್ತಿದೆ, ಬಿಬಿ ಬದಲಿಸಿದರೂ ನಿಂತಿಲ್ಲ (ಹಾಸನ)

ಸಾಲಗಾಮೆ ರೋಡ್

ಎಲ್ಲರಿಗೂ ನಮಸ್ಕಾರ. ಒಂದು ಸದ್ದು ಎರಡು ತಿಂಗಳಿಂದ ನನ್ನ ತಲೆ ತಿನ್ನುತ್ತಿದೆ. ಸಹಾಯ ಬೇಕು.

ನನ್ನದು 20 ಇಂಚು ಚಕ್ರದ ಅಲ್ಯೂಮಿನಿಯಂ ಫೋಲ್ಡಿಂಗ್ ಸೈಕಲ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮುಂದೆ 52 ಹಲ್ಲಿನ ಒಂದೇ ಚೈನ್ ವೀಲ್, ಹಿಂದೆ 7 ಗೇರ್. ಬೆಳಿಗ್ಗೆ ಮನೆಯಿಂದ ಹಾಸನ ಬಸ್ ಸ್ಟ್ಯಾಂಡಿಗೆ ತುಳಿದುಕೊಂಡು ಹೋಗಿ, ಮಡಚಿ ಬಸ್ಸಿಗೆ ಹಾಕುತ್ತೇನೆ. ಚನ್ನರಾಯಪಟ್ಟಣದಲ್ಲಿ ಇಳಿದು ಬಿಚ್ಚಿ ಆಫೀಸಿಗೆ ಹೋಗುತ್ತೇನೆ. ಸಂಜೆ ಅದೇ ಉಲ್ಟಾ. ಹಾಗಾಗಿ ಮಡಚುವುದು ಬಿಚ್ಚುವುದು ದಿನಾ ನಡೆಯುತ್ತದೆ.

ತೊಂದರೆ ಏನೆಂದರೆ, ಏರು ಬಂದಾಗ ಪ್ರತಿ ಸಲ ಬಲಗಾಲು ಒತ್ತಿದಾಗ 'ಕಿರ್ರ್' ಅನ್ನುತ್ತದೆ. ಕೆಳಗೆ ಪೆಡಲ್ ಹತ್ತಿರದಿಂದಲೇ ಬರುವ ಹಾಗೆ ಕೇಳುತ್ತದೆ. ಅಂಗಡಿಗೆ ತೋರಿಸಿದೆ. ಬಿಬಿ, ಅಂದರೆ ಎರಡು ಪೆಡಲ್ ನಡುವಿನ ಆಕ್ಸಲ್ ತಿರುಗುವ ಬೇರಿಂಗ್, ಹೋಗಿದೆ ಅಂದರು, ಹೊಸದು ಹಾಕಿದರು. ಮೂರು ದಿನ ಸದ್ದೇ ಇಲ್ಲ. ನಾಲ್ಕನೇ ದಿನ ಮತ್ತೆ ಶುರು. ಈಗ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲಾ?

ಇದರ ಜೊತೆ ಆಗಾಗ ಒಂದು 'ಟಿಕ್' ಕೂಡ ಇದೆ. ಅದು ಬೇರೆ ಸದ್ದು. ರಸ್ತೆ ಕೆಟ್ಟಿದ್ದರೆ ಹಿಂದುಗಡೆ ಗಡಗಡ ಅಂತ ಇನ್ನೊಂದು.

ಬೇಲೂರು ಬೈಪಾಸ್

ಮಡಚುವ ಸೈಕಲ್ ಅಂದ ಮೇಲೆ ಸದ್ದು ಇದ್ದೇ ಇರುತ್ತದೆ ಗುರುವೇ. ನಡುವೆ ಕತ್ತರಿಸಿ ಹಿಂಜ್ (ಮಡಚುವ ಕೀಲು) ಹಾಕಿದ್ದಾರೆ, ಇಡೀ ಪೈಪಿನ ಹಾಗೆ ಹೇಗೆ ಇರುತ್ತದೆ? ನಾನು ಒಂದು ವರ್ಷ ಇಟ್ಟುಕೊಂಡು ಕೊಟ್ಟುಬಿಟ್ಟೆ. ಕ್ರ್ಯಾಂಕಿಗೆ ದುಡ್ಡು ಹಾಕಬೇಡಿ.

ಮೂಡಿಗೆರೆ ಮಳೆ

ಮೊದಲು ಸೀಟಿನ ಪೈಪ್ ನೋಡಿ ಸರ್. ಫೋಲ್ಡಿಂಗ್ ಸೈಕಲ್ಲಿನಲ್ಲಿ ಅದು ತುಂಬಾ ಉದ್ದ ಅಲ್ವಾ, ನಾವು ತುಳಿದ ಹಾಗೆಲ್ಲ ಒಳಗೆ ಸಣ್ಣಗೆ ಅಲ್ಲಾಡುತ್ತದೆ. ಮಣ್ಣು ಸೇರಿದ್ದರೆ ಕಿರಗುಟ್ಟುತ್ತದೆ. ನನ್ನದಕ್ಕೂ ಹೀಗೇ ಆಗಿತ್ತು. ಪೂರ್ತಿ ಹೊರಗೆ ತೆಗೆದು, ಪೈಪನ್ನೂ ಫ್ರೇಮಿನ ಒಳಗನ್ನೂ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕಪ್ಪಾಗಿ ಬಂತು. ಸದ್ದು ಹೋಯಿತು.

ಒಂದು ಎಚ್ಚರಿಕೆ. ಅದಕ್ಕೆ ಮುಂಚೆ ನಾನು ಸೀಟಿನ ಪೈಪಿಗೆ ಗ್ರೀಸ್ ಹಚ್ಚಿದ್ದೆ, ಯಾರೋ ಹೇಳಿದರು ಅಂತ. ಕ್ಲಾಂಪ್ ಎಷ್ಟು ಬಿಗಿ ಮಾಡಿದರೂ ಪೈಪ್ ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು. ಮನೆಯಿಂದ ಶಾಲೆ ಮುಟ್ಟುವಷ್ಟರಲ್ಲಿ ಮೊಣಕಾಲು ಎದೆಗೆ ಬರುತ್ತಿತ್ತು. ದಿನಾ ಏರಿಸಿ ಇಳಿಸುವ ಪೈಪಿಗೆ ಗ್ರೀಸ್ ಬೇಡ. ಕ್ಲಾಂಪಿನ ಬೋಲ್ಟಿಗೆ ಒಂದು ಚೂರು, ಅಷ್ಟೇ. ಹಾಗೇ ಪೈಪಿನ ಮೇಲೆ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎತ್ತರ ಮಾಡಬೇಡಿ.

ಲೇತ್ ಮನೆ

ಬೇಲೂರು ಬೈಪಾಸ್ ಅವರೇ, ಒಪ್ಪುವುದಿಲ್ಲ. ಸರಿಯಾಗಿ ಕೂತ ಹಿಂಜ್ ಸದ್ದು ಮಾಡುವುದಿಲ್ಲ. ಎರಡು ಲೋಹದ ಮುಖಗಳು ಒಂದರ ಮೇಲೊಂದು ಜಾರಿದರೆ ಮಾತ್ರ ಸದ್ದು. ಜಾರುತ್ತಿದೆ ಅಂದರೆ ಬಿಗಿ ಸಾಲದು, ಇಲ್ಲವೇ ನಡುವೆ ಏನೋ ಸೇರಿದೆ, ಇಲ್ಲವೇ ಏನೋ ಸೀಳಿದೆ. ಮೂರನೆಯದು ಇದೆಯಲ್ಲ, ಅದಕ್ಕಾಗಿಯೇ ಸದ್ದನ್ನು ಸುಮ್ನೆ ಬಿಡಬಾರದು. ನಾನು ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದವನು, ಈಗ ಮನೆಯಲ್ಲೇ ಇದ್ದೇನೆ.

ಸಾಲಗಾಮೆ ರೋಡ್ ಅವರೇ, ಕ್ರ್ಯಾಂಕ್ ಬದಲಿಸಬೇಡಿ. ಮೊದಲು ಅದರ ಬೋಲ್ಟ್ ಬಿಗಿ ಇದೆಯಾ ಅಷ್ಟೇ ನೋಡಿ. ಚೌಕಾಕಾರದ ಆಕ್ಸಲ್ ಆದರೆ 35ರಿಂದ 40 ನ್ಯೂಟನ್ ಮೀಟರ್ ಬೇಕು. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ 20 ಕೆಜಿ ಅಕ್ಕಿ ಮೂಟೆ ನೇತು ಹಾಕಿದಷ್ಟು ಬಲ. ಚಿಕ್ಕ ಅಲೆನ್ ಕೀ ಹಿಡಿದು ಬೆರಳಲ್ಲಿ ತಿರುಗಿಸಿದರೆ ಆ ಬಲ ಬರುವುದಿಲ್ಲ. ಪೆಡಲ್ ಕೂಡ ಬಿಚ್ಚಿ, ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಹಾಕಿ. ಎಡಗಡೆ ಪೆಡಲ್ಲಿನ ಥ್ರೆಡ್ ಉಲ್ಟಾ, ಮರೆಯಬೇಡಿ.

ಆಮೇಲೆ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಮೂರು ಪರೀಕ್ಷೆ ಮಾಡಿ ಬನ್ನಿ. ಒಂದು, ಸೀಟಿನ ಮೇಲೆ ಕೂತು ತುಳಿಯಿರಿ. ಎರಡು, ಸೀಟು ಬಿಟ್ಟು ಎದ್ದು ನಿಂತು ತುಳಿಯಿರಿ. ಮೂರು, ಕೂತುಕೊಂಡೇ, ಹ್ಯಾಂಡಲನ್ನು ಎಳೆಯದೆ ಬೆರಳ ತುದಿಯಲ್ಲಿ ಮುಟ್ಟಿಕೊಂಡು ತುಳಿಯಿರಿ. ಮೂರನೆಯದನ್ನು ಖಾಲಿ ರಸ್ತೆಯಲ್ಲಿ ಮಾಡಿ. ಏನಾಯಿತು ಅಂತ ಬರೆಯಿರಿ. ಅಲ್ಲಿಯವರೆಗೆ ಒಂದು ರೂಪಾಯಿ ಖರ್ಚು ಮಾಡಬೇಡಿ.

ಸಾಲಗಾಮೆ ರೋಡ್

ಎಲ್ಲರಿಗೂ ಥ್ಯಾಂಕ್ಸ್. ಕ್ರ್ಯಾಂಕ್ ಬೋಲ್ಟ್ ಬಿಗಿಯಾಗಿಯೇ ಇದೆ. ಪೆಡಲ್ ಗ್ರೀಸ್ ಮಾಡಿದೆ. ಸೀಟಿನ ಪೈಪ್ ಒರೆಸಿದೆ, ಮೇಡಂ ಹೇಳಿದ ಹಾಗೆ ಬಟ್ಟೆ ಕಪ್ಪಾಯಿತು, ಆದರೆ ಸದ್ದು ಹಾಗೇ ಇದೆ.

ಇವತ್ತು ಭಾನುವಾರ, ಬೆಳಿಗ್ಗೆ ಆರಕ್ಕೇ ಹೋಗಿ ಮೂರು ಪರೀಕ್ಷೆ ಮಾಡಿದೆ. ಕೂತು ತುಳಿದರೆ ಸದ್ದು ಇದೆ. ನಿಂತು ತುಳಿದರೆ ಇನ್ನೂ ಜಾಸ್ತಿ, ಎರಡೂ ಕಾಲಿಗೆ ಬರುತ್ತದೆ. ಬೆರಳ ತುದಿಯಲ್ಲಿ ಹಿಡಿದು ತುಳಿದರೆ ಇಲ್ಲವೇ ಇಲ್ಲ! ಮೂರು ಸಲ ಮಾಡಿ ನೋಡಿದೆ. ಇಲ್ಲ.

ಆದರೆ ಕಿವಿಗೆ ಮಾತ್ರ ಕೆಳಗಿನಿಂದ ಬಂದ ಹಾಗೇ ಕೇಳುತ್ತದೆ. ಅದು ಹೇಗೆ?

ಲೇತ್ ಮನೆ

ತಂಬೂರಿ ನೋಡಿದ್ದೀರಲ್ಲ. ಮೀಟುವುದು ಮೇಲೆ ತಂತಿಯನ್ನು, ಸದ್ದು ಬರುವುದು ಕೆಳಗೆ ಬುರುಡೆಯಿಂದ. ನಿಮ್ಮ ಸೈಕಲ್ಲಿನ ನಡುವಿನ ದಪ್ಪ ಪೈಪೇ ಬುರುಡೆ. ಸಾಮಾನ್ಯ ಸೈಕಲ್ಲಿಗೆ ಎರಡು ಸಣ್ಣ ಪೈಪ್ ಇರುವ ಕಡೆ ಇದಕ್ಕೆ ಒಂದೇ ದೊಡ್ಡ ಪೊಳ್ಳು ಪೈಪ್. ಎಲ್ಲಿ ಕಿರಗುಟ್ಟಿದರೂ ಅದು ಹಿಡಿದುಕೊಂಡು ದೊಡ್ಡದು ಮಾಡುತ್ತದೆ. ಹಾಗಾಗಿ ಈ ಸೈಕಲ್ಲುಗಳಲ್ಲಿ ಕಿವಿಯನ್ನು ನಂಬಬಾರದು, ಬೆರಳನ್ನು ನಂಬಬೇಕು.

ಏರಿನಲ್ಲಿ ಕಾಲು ಒತ್ತುವಾಗ ನಾವು ಅದೇ ಹೊತ್ತಿಗೆ ಅದೇ ಕಡೆ ಹ್ಯಾಂಡಲನ್ನು ಎಳೆಯುತ್ತೇವೆ. ನೀವು ಬಲಗೈ ಜಾಸ್ತಿ ಎಳೆಯುತ್ತೀರಿ ಅಂತ ಕಾಣುತ್ತದೆ. ಆದ್ದರಿಂದ ಪೆಡಲ್ ತಾಳಕ್ಕೆ ಸರಿಯಾಗಿ ಸದ್ದು. ಅಂಗಡಿಯವರಿಗೂ ಇದೇ ಮೋಸ ಮಾಡಿದ್ದು.

ಈಗ ಹೀಗೆ ಮಾಡಿ. ಸೈಕಲ್ ಪಕ್ಕ ನಿಂತು ಮುಂದಿನ ಬ್ರೇಕ್ ಹಿಡಿಯಿರಿ. ಹ್ಯಾಂಡಲ್ ಕಂಬದ ಬುಡದಲ್ಲಿ ಮಡಚುವ ಹಿಂಜ್ ಇದೆಯಲ್ಲ, ಅದರ ಎರಡು ಭಾಗ ಸೇರುವ ಗೆರೆಯ ಮೇಲೆ ಎಡಗೈ ಹೆಬ್ಬೆರಳು ಇಡಿ. ಬಲಗೈಯಲ್ಲಿ ಹ್ಯಾಂಡಲನ್ನು ಹಿಂದೆ ಮುಂದೆ, ಆಮೇಲೆ ಪಕ್ಕಕ್ಕೆ ಜೋರಾಗಿ ಅಲ್ಲಾಡಿಸಿ. ಫ್ರೇಮಿನ ನಡುವಿನ ಹಿಂಜಿಗೂ ಹೀಗೇ ಮಾಡಿ. ಎಲ್ಲಿ ಬೆರಳಿಗೆ ಕಚಗುಳಿ ಆಗುತ್ತದೋ ಅಲ್ಲಿದೆ.

ಕೈಮರ ಏರು

ಚಿಕ್ಕಮಗಳೂರಿನಿಂದ. ತಡವಾಗಿ ಓದಿದೆ, ಆದರೆ ಇದನ್ನು ಬರೆಯಲೇಬೇಕು.

ಹೋದ ವರ್ಷ ನನ್ನ ಫೋಲ್ಡಿಂಗ್ ಸೈಕಲ್ಲಿಗೂ ಇದೇ ಸದ್ದು ಇತ್ತು. ಮಳೆಗಾಲ ಅಂತ ನಾನೂ ಲೆಕ್ಕಕ್ಕೆ ಇಡಲಿಲ್ಲ. ಮೂರು ವಾರ ಹಾಗೇ ಓಡಿಸಿದೆ. ಒಂದು ದಿನ ಕೈಮರದ ಕಡೆಯಿಂದ ಇಳಿದು ಊರು ಮುಟ್ಟಿದೆ. ಐ.ಜಿ. ರಸ್ತೆಯಲ್ಲಿ ಒಂದು ಹಂಪ್ ಹತ್ತಿ ಇಳಿದಾಗ ಹ್ಯಾಂಡಲ್ ಒಂದು ಬೆರಳಷ್ಟು ಮುಂದಕ್ಕೆ ವಾಲಿತು. ಬೀಳಲಿಲ್ಲ, ನಿಲ್ಲಿಸಿದೆ. ನೋಡಿದರೆ ಹಿಂಜಿನ ಕೆಳಗೆ, ವೆಲ್ಡಿಂಗ್ ಪಕ್ಕದಲ್ಲಿ, ಕಂಬ ಅರ್ಧ ಸುತ್ತು ಸೀಳಿತ್ತು. ಹತ್ತು ನಿಮಿಷ ಮುಂಚೆ ಆ ಇಳಿಜಾರಿನಲ್ಲಿ ಆಗಿದ್ದರೆ? ಯೋಚನೆ ಮಾಡಿದರೆ ಈಗಲೂ ಕೈ ನಡುಗುತ್ತದೆ.

ಆ ಕಂಪನಿ ಯಾವುದು ಅಂತ ಕೇಳಬೇಡಿ, ಬರೆಯುವುದಿಲ್ಲ. ಯಾವ ಸೈಕಲ್ಲಿಗೂ ಇದು ಆಗಬಹುದು. ಚಕ್ರ ಚಿಕ್ಕದು, ಕಂಬ ಉದ್ದ, ಎಳೆತವೆಲ್ಲ ಆ ಬುಡದ ಮೇಲೇ ಬೀಳುತ್ತದೆ. ಸನ್ನೆಕೋಲು ಹಾಕಿ ಬಂಡೆ ಎತ್ತಿದ ಹಾಗೆ.

ಗ್ರೀಸ್ ಹಚ್ಚುವ ಮುಂಚೆ ದಯವಿಟ್ಟು ಬಿರುಕು ಇದೆಯಾ ನೋಡಿ. ಗ್ರೀಸ್ ಹಚ್ಚಿದರೆ ಸದ್ದು ನಿಲ್ಲಬಹುದು, ಬಿರುಕು ನಿಲ್ಲುವುದಿಲ್ಲ.

ಸಾಲಗಾಮೆ ರೋಡ್

ಕೈಮರ ಏರು ಅಣ್ಣ, ನಿಮ್ಮ ಬರಹ ಓದಿ ರಾತ್ರಿಯೇ ಟಾರ್ಚ್ ಹಿಡಿದು ಕೂತೆ.

ಲೇತ್ ಮನೆ ಸರ್ ಹೇಳಿದ್ದು ಸರಿ. ಫ್ರೇಮಿನ ಹಿಂಜ್ ಗಟ್ಟಿ ಇದೆ. ಹ್ಯಾಂಡಲ್ ಬುಡದಲ್ಲಿ ಹೆಬ್ಬೆರಳು ಇಟ್ಟು ಅಲ್ಲಾಡಿಸಿದರೆ, ಕೂದಲು ಸಿಕ್ಕಿದ ಹಾಗೆ ಒಂದು ಸಣ್ಣ ಅದುರು, ಅದರ ಜೊತೆಗೇ ಕಿರ್ರ್. ಎರಡು ತಿಂಗಳ ಮೇಲೆ ಕೊನೆಗೂ ಸಿಕ್ಕಿತು.

ಆದರೆ ಈಗ ಭಯ. ಹಿಂಜಿನ ಒಂದು ಇಂಚು ಕೆಳಗೆ, ವೆಲ್ಡಿಂಗ್ ಹತ್ತಿರ, ಬಣ್ಣದ ಮೇಲೆ ಒಂದು ಗೆರೆ ಕಾಣುತ್ತಿದೆ. ಒಂದು ಭತ್ತದ ಕಾಳಿನಷ್ಟು ಉದ್ದ. ಉಗುರು ಎಳೆದರೆ ಸ್ವಲ್ಪ ತಡೆಯುತ್ತದೆ. ಇದು ಬಣ್ಣ ಒಡೆದಿದ್ದಾ, ಒಳಗೆ ಲೋಹವೇ ಒಡೆದಿದ್ದಾ? ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೂ ಗೊತ್ತಾಗುತ್ತಿಲ್ಲ. ನಾಳೆ ಬಸ್ಸಿಗೆ ನಡೆದೇ ಹೋಗುತ್ತೇನೆ.

ಲೇತ್ ಮನೆ

ನಡೆದು ಹೋಗಿ, ಒಳ್ಳೆಯದು ಮಾಡಿದಿರಿ.

ನಮ್ಮ ಕಾಲದ ಒಂದು ಪರೀಕ್ಷೆ ಹೇಳುತ್ತೇನೆ. ವರ್ಕ್‌ಶಾಪಿನಲ್ಲಿ ಆಕ್ಸಲ್, ಗೇರಿನ ಹಲ್ಲು, ಎಲ್ಲಕ್ಕೂ ಮಾಡುತ್ತಿದ್ದೆವು. ಬೇಕಾಗುವುದು ಸೀಮೆಎಣ್ಣೆ ಮತ್ತು ಸೀಮೆಸುಣ್ಣ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಆದರೂ ಆಗುತ್ತದೆ.

ಗೆರೆ ಇರುವ ಕಡೆ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಬಣ್ಣ ತೆಗೆಯಬೇಕು. ಬಣ್ಣದ ಮೇಲೆ ಮಾಡಿದರೆ ಬಣ್ಣದ ಬಿರುಕೇ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ನುಣುಪಾದ ಎಮರಿ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ. ಬಿಳಿ ಲೋಹ ಕಂಡ ತಕ್ಷಣ ನಿಲ್ಲಿಸಿ. ಹತ್ತಿಯಲ್ಲಿ ಸೀಮೆಎಣ್ಣೆ ಅದ್ದಿ ಅಲ್ಲಿ ಒತ್ತಿ ಹಿಡಿಯಿರಿ, ಕಾಲು ಗಂಟೆ ಒದ್ದೆಯಾಗಿಯೇ ಇರಲಿ. ಬಿರುಕಿದ್ದರೆ ಎಣ್ಣೆ ಒಳಗೆ ಇಳಿಯುತ್ತದೆ. ಆಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೈಗೆ ಎಣ್ಣೆ ಹತ್ತಬಾರದು. ಸೀಮೆಸುಣ್ಣದ ಪುಡಿ ಬೆರಳಲ್ಲಿ ತೆಳ್ಳಗೆ ಸವರಿ. ಈಗ ಹ್ಯಾಂಡಲನ್ನು ಎರಡು ಸಲ ಒತ್ತಿ ಬಿಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಮೇಲೆ ಬರುತ್ತದೆ, ಸುಣ್ಣ ಅದನ್ನು ಹೀರಿಕೊಂಡು ಒಂದು ಕಪ್ಪು ಗೆರೆ ಮೂಡುತ್ತದೆ. ಅರ್ಧ ಗಂಟೆ ಕಾಯಿರಿ.

ಗೆರೆ ಮೂಡಿದರೆ ಆ ಕಂಬ ಮುಗಿಯಿತು. ವೆಲ್ಡ್ ಮಾಡಿಸುತ್ತೇನೆ ಅಂತ ಹೋಗಬೇಡಿ. ಈ ಅಲ್ಯೂಮಿನಿಯಂಗೆ ಕಾಯಿಸಿ ಹದ ಕೊಟ್ಟಿರುತ್ತಾರೆ. ವೆಲ್ಡಿಂಗ್ ಬಿಸಿಗೆ ಪಕ್ಕದ ಲೋಹದ ಹದ ಹೋಗಿ ಮೆತ್ತಗಾಗುತ್ತದೆ. ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಹೊಸ ಕಂಬವೇ ಹಾಕಬೇಕು.

ಮೂಡಿಗೆರೆ ಮಳೆ

ಶಾಲೆಯಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ, ನಾನೂ ನಾಳೆ ನನ್ನ ಸೈಕಲ್ಲಿಗೆ ಇದನ್ನು ಮಾಡುತ್ತೇನೆ. ಏನಾಯಿತು ಅಂತ ಬರೆಯಿರಿ ಸರ್, ಕಾಯುತ್ತಿದ್ದೇವೆ.

ಸಾಲಗಾಮೆ ರೋಡ್

ಬಿರುಕು ಇಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಿನ್ನೆ ಸಂಜೆ ಪಕ್ಕದ ಗ್ಯಾರೇಜಿನಿಂದ ಒಂದು ಮುಚ್ಚಳ ಡೀಸೆಲ್ ತಂದೆ. ಮಗಳ ಸ್ಲೇಟು ಬಳಪದ ಡಬ್ಬಿಯಲ್ಲಿ ಒಂದು ತುಂಡು ಸೀಮೆಸುಣ್ಣ ಇತ್ತು. ಎಮರಿ ಹಿಡಿದು ಉಜ್ಜುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಬಣ್ಣ ಹೋದ ಹಾಗೆ ಗೆರೆಯೂ ತೆಳ್ಳಗಾಗುತ್ತಾ ಬಂತು. ಬಣ್ಣದ ಕೆಳಗೆ ಬೂದು ಬಣ್ಣದ ಇನ್ನೊಂದು ಪದರ, ಅದರಲ್ಲೂ ಗೆರೆ ಇತ್ತು. ಅದೂ ಹೋದ ಮೇಲೆ ಬೆಳ್ಳಿ ಹಾಗೆ ಲೋಹ, ಗೆರೆ ಇಲ್ಲ. ಆದರೂ ಪರೀಕ್ಷೆ ಪೂರ್ತಿ ಮಾಡಿದೆ. ಸುಣ್ಣ ಸವರಿ ಅರ್ಧ ಗಂಟೆ ಅಲ್ಲೇ ಕೂತೆ. ಮಗಳು ಲೆನ್ಸ್ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಸುಣ್ಣ ಬೆಳ್ಳಗೇ ಉಳಿಯಿತು. ನಂಬಿಕೆ ಬರಲಿಲ್ಲ, ಇನ್ನೊಂದು ಸಲ ಮಾಡಿದೆ. ಆಗಲೂ ಬೆಳ್ಳಗೆ.

ಹಿಂದಿನ ಮಾಲೀಕರು ಎಲ್ಲಿಗೋ ತಗುಲಿಸಿ ಬಣ್ಣ ಹಚ್ಚಿಸಿರಬೇಕು.

ಆಮೇಲೆ ಹಿಂಜ್ ಬಿಚ್ಚಿ ಮಲಗಿಸಿ ಒಳಗೆ ನೋಡಿದೆ. ಎರಡು ಮುಖ ಕೂಡುವ ಜಾಗದಲ್ಲಿ ಕಪ್ಪು ಅಂಟು, ಅದರೊಳಗೆ ಮರಳಿನ ಕಣ. ಬೆರಳಲ್ಲಿ ತಿಕ್ಕಿದರೆ ಕರಕರ ಅನ್ನುತ್ತಿತ್ತು. ಆಗ ನೆನಪಾಯಿತು, ಅಂಗಡಿಯವರು ಸೈಕಲ್ ಕೊಡುವಾಗ ಹಿಂಜುಗಳಿಗೆಲ್ಲ ಎಂಥದೋ ಸ್ಪ್ರೇ ಹೊಡೆದು ಒರೆಸಿ ಕೊಟ್ಟಿದ್ದರು. ಆ ಮೂರು ದಿನ ಸದ್ದು ನಿಂತಿದ್ದು ಹೊಸ ಬಿಬಿಯಿಂದ ಅಲ್ಲ, ಆ ಸ್ಪ್ರೇಯಿಂದ!

ಲೇತ್ ಮನೆ

ತುಂಬಾ ಸಂತೋಷ. ಆ ಮೂರು ದಿನದ ಲೆಕ್ಕವೂ ಸರಿ ಹೋಯಿತು. ತೆಳು ಎಣ್ಣೆಯ ಸ್ಪ್ರೇ ತುಕ್ಕು ಬಿಡಿಸುವುದಕ್ಕೆ ಒಳ್ಳೆಯದು. ಭಾರ ಹೊರುವ ಕಡೆ ನಿಲ್ಲುವುದಿಲ್ಲ, ಇದ್ದ ಗ್ರೀಸನ್ನೂ ತೊಳೆದುಕೊಂಡು ಹೋಗುತ್ತದೆ. ಆಮೇಲೆ ದೂಳು ಅಂಟಿಕೊಳ್ಳುತ್ತದೆ.

ಹಳೆ ಟೂತ್ ಬ್ರಷ್ಷಿನಲ್ಲಿ ಎಲ್ಲ ಉಜ್ಜಿ ಒಣಗಿಸಿ. ಹಿಂಜಿನ ಪಿನ್ನಿಗೆ ಮತ್ತು ಮುಖಗಳು ಒಂದಕ್ಕೊಂದು ಒತ್ತುವ ಅಂಚಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು. ಹೊರಗೆ ಬಂದಿದ್ದನ್ನು ಒರೆಸಿಬಿಡಿ.

ಹಿಂಜನ್ನು ಮುಚ್ಚಿ ಹಿಡಿಯುವ ಲಿವರ್ ಬಿಗಿಯೂ ನೋಡಿ. ಅರ್ಧ ಮುಚ್ಚಿದಾಗಲೇ ತಡೆ ಸಿಗಬೇಕು, ಉಳಿದರ್ಧವನ್ನು ಅಂಗೈಯಲ್ಲಿ ಒತ್ತಿ ಮುಚ್ಚಬೇಕು. ಅಂಗೈ ಮೇಲೆ ಲಿವರಿನ ಗುರುತು ಒಂದು ಕ್ಷಣ ಉಳಿದರೆ ಸರಿಯಾಗಿದೆ. ಎರಡು ಬೆರಳಲ್ಲಿ ಮುಚ್ಚುವ ಹಾಗಿದ್ದರೆ ಸಡಿಲ. ಅಡ್ಜಸ್ಟ್ ಮಾಡುವ ನಟ್ಟನ್ನು ಒಂದೊಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ. ಕಾಲಲ್ಲಿ ಒದ್ದು ಮುಚ್ಚುವಷ್ಟು ಬಿಗಿ ಮಾಡಿದರೆ ಬೋಲ್ಟೇ ತುಂಡಾಗುತ್ತದೆ.

ಉಜ್ಜಿದ ಜಾಗಕ್ಕೆ ಬಣ್ಣ ಬಳಿಯಬೇಡಿ. ಪಾರದರ್ಶಕ ನೇಲ್ ಪಾಲಿಶ್ ಒಂದು ಕೋಟ್ ಹಚ್ಚಿ. ಮುಂದೆ ಏನಾದರೂ ಆದರೆ ಕಣ್ಣಿಗೆ ಕಾಣಬೇಕು. ತಿಂಗಳಿಗೊಮ್ಮೆ ನೋಡುತ್ತಿರಿ. ಮನೆಯಲ್ಲಿ ಮಾಡಿದ ಪರೀಕ್ಷೆ, ಅದರ ಮೇಲೆ ಜೀವ ಪೂರ್ತಿ ಇಡಬೇಡಿ.

ಸಾಲಗಾಮೆ ರೋಡ್

ಒಂದು ವಾರ ಆಯಿತು. ನಡುವೆ ಎರಡು ದಿನ ಮಳೆಯೂ ಬಂತು. ಏರಿನಲ್ಲಿ ಎದ್ದು ನಿಂತು ತುಳಿದರೂ ಕಿರ್ರ್ ಇಲ್ಲ. ನನ್ನ ಲಿವರ್ ನಿಜಕ್ಕೂ ಎರಡು ಬೆರಳಿನಲ್ಲಿ ಮುಚ್ಚುತ್ತಿತ್ತು. ಒಟ್ಟು ಅರ್ಧ ಸುತ್ತು ಬಿಗಿ ಮಾಡಬೇಕಾಯಿತು.

ಈಗ ರಸ್ತೆ ಸುಮ್ಮನಿದ್ದಾಗ ಆ 'ಟಿಕ್' ಚೆನ್ನಾಗಿ ಕೇಳುತ್ತಿದೆ. ಇಷ್ಟು ದಿನ ದೊಡ್ಡ ಸದ್ದಿನ ಹಿಂದೆ ಅಡಗಿತ್ತು. ಬೆರಳಲ್ಲಿ ಹಿಡಿದು ತುಳಿದರೂ ಬರುತ್ತದೆ, ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದರೆ ಬರುವುದಿಲ್ಲ.

ಕೈಮರ ಏರು

ಎಣಿಸಿ. ಪೆಡಲ್ ಒಂದು ಸುತ್ತಿಗೆ ಒಂದು ಸಲ ಬಂದರೆ ಕ್ರ್ಯಾಂಕ್, ಪೆಡಲ್ ಅಥವಾ ಚೈನ್ ವೀಲ್ ಬೋಲ್ಟ್. ಮಡಚುವ ಪೆಡಲ್ ಆದರೆ ಅದರದ್ದೇ ಹಿಂಜ್ ಕೂಡ ಟಿಕ್ ಅನ್ನುತ್ತದೆ. ಒಂದು ಸುತ್ತಿಗೆ ಮೂರು ನಾಲ್ಕು ಸಲ ಬಂದರೆ ಹಿಂದಿನ ಚಕ್ರ, ಸ್ಪೋಕ್ ಕಡ್ಡಿ ಸಡಿಲ ಇರಬಹುದು. ನಿಮ್ಮ 52 ಹಲ್ಲಿಗೆ ಹಿಂದೆ 14 ಹಲ್ಲು ಹಾಕಿಕೊಂಡರೆ ಪೆಡಲ್ ಒಂದು ಸುತ್ತಿಗೆ ಚಕ್ರ ಹತ್ತಿರಹತ್ತಿರ ನಾಲ್ಕು ಸುತ್ತು. ಪೆಡಲ್ ಎರಡು ಸುತ್ತಿಗೆ ಒಂದು ಸಲ ಬಂದರೆ ಮಾತ್ರ ಅದು ಚೈನ್. ಎಷ್ಟು ಕೊಂಡಿ ಇದೆ ಎಣಿಸಿ, 52ರಿಂದ ಭಾಗಿಸಿ, ಗೊತ್ತಾಗುತ್ತದೆ.

ಸಾಲಗಾಮೆ ರೋಡ್

ಎಣಿಸಿದೆ. ಪೆಡಲ್ 20 ಸುತ್ತು, ಟಿಕ್ 10 ಸಲ. ಚೈನಿನಲ್ಲಿ 106 ಕೊಂಡಿ. ಲೆಕ್ಕ ಹತ್ತಿರಹತ್ತಿರ ಎರಡಕ್ಕೆ ಬಂತು!

ಸೈಕಲ್ ತಲೆಕೆಳಗು ಮಾಡಿ ಪೆಡಲನ್ನು ಕೈಯಲ್ಲಿ ನಿಧಾನ ಹಿಂದಕ್ಕೆ ತಿರುಗಿಸಿದೆ. ಹಿಂದಿನ ಗೇರಿನ ಸಣ್ಣ ಚಕ್ರದ ಮೇಲೆ ಒಂದು ಕೊಂಡಿ ಬಂದಾಗ ಮಾತ್ರ ಗೇರಿನ ತೋಳು ಹಾರುತ್ತಿತ್ತು. ಆ ಕೊಂಡಿ ಬಗ್ಗದೆ ಸೆಟೆದು ನಿಂತಿತ್ತು. ಅಲ್ಲಿ ಪಿನ್ನಿನ ತುದಿ ಹೊಳೆಯುತ್ತಿತ್ತು, ಯಾರೋ ಬಿಚ್ಚಿ ಮತ್ತೆ ಒತ್ತಿದ್ದಾರೆ. ಎರಡೂ ಕಡೆ ಹಿಡಿದು ಅಡ್ಡಡ್ಡ ಬಗ್ಗಿಸಿದೆ, ಒಂದು ಹನಿ ಎಣ್ಣೆ ಬಿಟ್ಟೆ. ನಾಲ್ಕೈದು ಸಲಕ್ಕೆ ಸಡಿಲ ಆಯಿತು.

ಗಡಗಡ ಸದ್ದು ಮಡ್‌ಗಾರ್ಡ್ ಕಡ್ಡಿಯದು. ಹಳೇ ಟ್ಯೂಬ್ ಕತ್ತರಿಸಿ ನಡುವೆ ಇಟ್ಟು ಬೋಲ್ಟ್ ಬಿಗಿ ಮಾಡಿದೆ, ಮುಗಿಯಿತು.

ಬೇಲೂರು ಬೈಪಾಸ್

ಮೊದಲು ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ನಾನು ಕೊಟ್ಟಿದ್ದು ನಮ್ಮ ಭಾವನಿಗೆ. ಅವರು ಈಗಲೂ ಓಡಿಸುತ್ತಿದ್ದಾರೆ, ಅದೇ ಕಿರ್ರ್ ಇದೆ. ಇವತ್ತು ಫೋನ್ ಮಾಡಿ ಓಡಿಸಬೇಡಿ ಅಂದೆ. ಅವರ ಮನೆ ಹಾಸನದಲ್ಲೇ. ಲೇತ್ ಮನೆ ಸರ್, ತಂದು ತೋರಿಸಬಹುದಾ?

ಲೇತ್ ಮನೆ

ಖಂಡಿತ ತನ್ನಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಮಹಾರಾಜ ಪಾರ್ಕ್ ಗೇಟಿನ ಹತ್ತಿರ ಇರುತ್ತೇನೆ. ಓಡಿಸಿಕೊಂಡು ಬರಬೇಡಿ, ಮಡಚಿ ಆಟೋದಲ್ಲಿ ತನ್ನಿ. ಎಮರಿ, ಡೀಸೆಲ್, ಸೀಮೆಸುಣ್ಣ ನಾನು ತರುತ್ತೇನೆ.